ಇಲ್ಲಿ ಗಾಡಿ ಬದಲಿಸಿ

ಮುಂಬೈಯಲ್ಲಿ ಸಂಜೆ ರೈಲು ಹತ್ತಿ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗೆ ಬರುತ್ತಿದ್ದ ಹಳೆಯ ತಲೆಮಾರಿನವರನ್ನು ಕೇಳಿ ನೋಡಿ. ಮಿರಜ್ ಜಂಕ್ಷನ್ ಅವರಿಗೆ ಮರೆತಿರುವುದಿಲ್ಲ. ದೊಡ್ಡ ರೈಲು ಕೊಲ್ಹಾಪುರದ ಕಡೆ ಹೋಗುತ್ತಿತ್ತು. ಕರ್ನಾಟಕದ ಕಡೆಯವರು ಟ್ರಂಕು, ಹೋಲ್ಡಾಲು, ನಿದ್ದೆಗಣ್ಣಿನ ಮಕ್ಕಳನ್ನು ಇಳಿಸಿಕೊಂಡು ಸಣ್ಣ ರೈಲಿನತ್ತ ಓಡಬೇಕಿತ್ತು. ಜೊತೆಯಲ್ಲಿ ಚುರುಕಾದ ಹುಡುಗನೊಬ್ಬನಿದ್ದರೆ ಅವನು ಮುಂಚೆಯೇ ಹಾರಿ, ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದಿರುತ್ತಿದ್ದ. ಪುಣೆ–ಮಿರಜ್ ಮಾರ್ಗ ಅಗಲವಾಗುವ ಮೊದಲು ಈ ಇಳಿದು ಹತ್ತುವ ರಂಪ ಪುಣೆಯಲ್ಲೇ ನಡೆಯುತ್ತಿತ್ತು. ಮದ್ರಾಸಿನಿಂದ ಮೈಸೂರಿಗೆ ಹೊರಟವರು ಬೆಂಗಳೂರಿನಲ್ಲಿ ಇಳಿದು ಹತ್ತಬೇಕಿತ್ತು. ಸೊಲ್ಲಾಪುರದಿಂದ ವಿಜಯಪುರ, ಗದಗದ ಕಡೆ ಬರುವವರಿಗೆ ಹೊಟಗಿ.

ಕಾರಣ ಸರಳ. ಎರಡು ಹಳಿಗಳ ನಡುವಿನ ಅಂತರ ಒಂದು ಕಡೆ 1,676 ಮಿಲಿಮೀಟರ್, ಇನ್ನೊಂದು ಕಡೆ 1,000. ಮೊದಲನೆಯದು ಬ್ರಾಡ್ ಗೇಜ್, ಎರಡನೆಯದು ಮೀಟರ್ ಗೇಜ್. ಇವು ಸಾಲದೆಂಬಂತೆ 762 ಮತ್ತು 610 ಮಿಲಿಮೀಟರಿನ ನ್ಯಾರೋ ಗೇಜ್‌ಗಳೂ ಇದ್ದವು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ದೇಶದಲ್ಲಿದ್ದ ಸುಮಾರು 53,600 ಕಿ.ಮೀ. ರೈಲುಮಾರ್ಗದಲ್ಲಿ 24,000 ಕಿ.ಮೀ.ಗೂ ಹೆಚ್ಚು ಮೀಟರ್ ಗೇಜ್ ಆಗಿತ್ತು. ಹತ್ತಿರ ಹತ್ತಿರ ಅರ್ಧ. ನಕ್ಷೆಯಲ್ಲಿ ಒಂದೇ ಜಾಲದಂತೆ ಕಾಣುತ್ತಿದ್ದ ಭಾರತೀಯ ರೈಲ್ವೆ ನೆಲದ ಮೇಲೆ ಒಂದಕ್ಕೊಂದು ಕೂಡದ ಎರಡು-ಮೂರು ರೈಲ್ವೆಗಳಾಗಿತ್ತು. ಹಾಗೇಕಾಯಿತು, ಅದನ್ನು ಸರಿಪಡಿಸಲು ಏನು ಬೆಲೆ ತೆರಬೇಕಾಯಿತು ಎಂಬುದು ರೈಲಿನ ಗತವೈಭವ ಹಾಡುವವರು ಹೆಚ್ಚಾಗಿ ಹೇಳದೆ ಬಿಡುವ ಕಥೆ.

ತಮಾಷೆಯೆಂದರೆ, ಹೀಗಾಗಬಾರದು ಎಂದು ಮೊದಲೇ ಎಚ್ಚರಿಸಿದ್ದವನು ಡಾಲ್‌ಹೌಸಿ. ಸಂಸ್ಥಾನಗಳನ್ನು ನುಂಗಿದ ಗವರ್ನರ್ ಜನರಲ್ ಎಂದೇ ನಮ್ಮ ಪಠ್ಯಪುಸ್ತಕಗಳಲ್ಲಿ ಬರುವ ಈತ ಭಾರತಕ್ಕೆ ಬರುವ ಮುಂಚೆ ಲಂಡನ್ನಿನ ಬೋರ್ಡ್ ಆಫ್ ಟ್ರೇಡ್‌ನಲ್ಲಿದ್ದ. 1840ರ ದಶಕದ ನಡುವಿನಲ್ಲಿ ಬ್ರಿಟನ್ನಿನಲ್ಲಿ ರೈಲು ಕಂಪನಿಗಳ ಹುಚ್ಚು ಹೊಳೆಯೇ ಹರಿಯುತ್ತಿತ್ತು. ಅದರ ಕಡತಗಳೆಲ್ಲ ಇವನ ಮೇಜಿನ ಮೇಲೆ ಬರುತ್ತಿದ್ದವು. ಅಲ್ಲಿ ಹಳಿಯ ಅಗಲದ ವಿಷಯದಲ್ಲಿ ಎಂಜಿನಿಯರುಗಳಾದ ಸ್ಟೀಫನ್‌ಸನ್ನನ 4 ಅಡಿ 8½ ಇಂಚಿಗೂ ಬ್ರೂನೆಲ್‌ನ 7 ಅಡಿಗೂ ಜಟಾಪಟಿ. ಎರಡೂ ಕೂಡುತ್ತಿದ್ದ ಗ್ಲಾಸ್ಟರ್ ಊರಿನಲ್ಲಿ ಸರಕು ಇಳಿಸಿ ಏರಿಸುವ ಗೊಂದಲ ಎಷ್ಟೆಂದು ನೋಡಲು ತನಿಖಾ ಆಯೋಗದವರು ಬಂದಾಗ, ಅಲ್ಲಿನ ಸರಕು ಮುಖ್ಯಸ್ಥ ಆಗಲೇ ತುಂಬಿ ನಿಂತಿದ್ದ ಗಾಡಿಗಳನ್ನೂ ಬಿಚ್ಚಿಸಿ ಗೊಂದಲವನ್ನು ಇನ್ನಷ್ಟು ಹೆಚ್ಚಿಸಿ ತೋರಿಸಿದನಂತೆ. ನಾಟಕವೋ ನಿಜವೋ, 1846ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಸಣ್ಣ ಅಳತೆಗೆ ಕಾನೂನಿನ ಮುದ್ರೆ ಒತ್ತಿತು.

ಇದನ್ನೆಲ್ಲ ಕಣ್ಣಾರೆ ಕಂಡಿದ್ದ ಡಾಲ್‌ಹೌಸಿಗೆ ಎರಡು ಪಾಠ ಮನದಟ್ಟಾಗಿತ್ತು: ದೇಶವಿಡೀ ಒಂದೇ ಅಳತೆ ಇರಬೇಕು, ಅದು ಬ್ರಿಟನ್ನಿನದಕ್ಕಿಂತ ಅಗಲವಾಗಿರಬೇಕು. ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು ಬ್ರಿಟನ್ನಿನ ಅಳತೆಯೇ ಸಾಕು ಎಂದುಕೊಂಡಿದ್ದರು. ಇವನು 6 ಅಡಿ ಎಂದ. ಎಂಜಿನಿಯರ್ ಸಿಮ್ಸ್ 5 ಅಡಿ 6 ಇಂಚು ಎಂದಿದ್ದ. ಇಲ್ಲಿನ ಬಿರುಗಾಳಿಗೆ ಅಗಲದ ಗಾಡಿಯೇ ಗಟ್ಟಿ, ಎಂಜಿನ್ನಿನ ಯಂತ್ರಕ್ಕೂ ಒಳಗೆ ಜಾಗ ಸಿಗುತ್ತದೆ ಎಂಬ ವಾದಗಳ ನಡುವೆ ಕೊನೆಗೆ ಸಿಮ್ಸ್‌ನ ಅಳತೆಯೇ ನಿಂತಿತು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ 34 ಕಿ.ಮೀ. ಓಡಿದ ಮೊದಲ ಪ್ರಯಾಣಿಕರ ರೈಲು ಅದೇ ಅಗಲದ ಹಳಿಯ ಮೇಲೆ ಹೋಯಿತು. ಇವತ್ತು ವಂದೇ ಭಾರತ್ ಓಡುವುದೂ ಅದರ ಮೇಲೆಯೇ.

ಮುಂದಿನ ಎರಡು ದಶಕ ಈ ಹಳಿ ಊರಿಂದೂರಿಗೆ ಚಾಚಿತು. 1864ರಲ್ಲಿ ಜೋಲಾರ್‌ಪೇಟೆಯಿಂದ ಬೆಂಗಳೂರು ದಂಡಿಗೆ ಕವಲು ಬಂತು. 1871ರಲ್ಲಿ ಮುಂಬೈ ಕಡೆಯಿಂದ ಬಂದ ಹಳಿಯೂ ಮದ್ರಾಸ್ ಕಡೆಯಿಂದ ಬಂದ ಹಳಿಯೂ ನಮ್ಮ ರಾಯಚೂರಿನಲ್ಲಿ ಕೂಡಿದವು. ಎರಡು ಸಮುದ್ರತೀರಗಳಿಗೆ ಅಲ್ಲಿ ಗಂಟು ಬಿತ್ತು. ಆದರೆ ಕೆಲಸ ಮಾಡುತ್ತಿದ್ದವು ಖಾಸಗಿ ಕಂಪನಿಗಳು. ಹೂಡಿದ ಬಂಡವಾಳಕ್ಕೆ ಶೇ 5ರಷ್ಟು ಲಾಭ ಖಾತ್ರಿ ಎಂದು ಸರ್ಕಾರ ಬರೆದುಕೊಟ್ಟಿತ್ತು. ರೈಲು ನಷ್ಟದಲ್ಲಿ ಓಡಿದರೂ ಲಂಡನ್ನಿನ ಷೇರುದಾರನಿಗೆ ಬರುವುದು ಬರುತ್ತಿತ್ತು. ಕೊರತೆ ತುಂಬುವುದು ಭಾರತದ ರೈತನ ಕಂದಾಯ. ಖರ್ಚು ಹಿಡಿತದಲ್ಲಿಡಬೇಕೆಂಬ ದರ್ದು ಯಾರಿಗೂ ಇರಲಿಲ್ಲ. ಮೈಲಿಗೆ ಮೊದಲು ಹಾಕಿದ ಅಂದಾಜಿನ ಎರಡು ಪಟ್ಟನ್ನೂ ವೆಚ್ಚ ದಾಟಿತು. 1869ರ ಹೊತ್ತಿಗೆ ಸರ್ಕಾರಕ್ಕೆ ಸಾಕುಸಾಕಾಗಿ, ಇನ್ನು ಮುಂದೆ ನಾವೇ ಕಟ್ಟುತ್ತೇವೆ, ಅಗ್ಗವಾಗಿ ಕಟ್ಟುತ್ತೇವೆ ಎಂದು ಹೊರಟಿತು.

ಅಗ್ಗ ಎಂಬ ಆ ಒಂದು ಮಾತಿನಿಂದ ಮೀಟರ್ ಗೇಜ್ ಹುಟ್ಟಿತು.

ಆಗಿನ ವೈಸ್‌ರಾಯ್ ಲಾರ್ಡ್ ಮೇಯೋ. ಖಜಾನೆ ಬರಿದಾಗಿತ್ತು, ಹಳಿ ಹಾಕಬೇಕಾದ ನೆಲ ಮಾತ್ರ ಇನ್ನೂ ಸಾವಿರಾರು ಮೈಲಿ ಉಳಿದಿತ್ತು. ಅಗಲ ಕಡಿಮೆ ಮಾಡಿದರೆ ಎಲ್ಲವೂ ಕಡಿಮೆಯಾಗುತ್ತದೆ. ಒಂದೇ ಉದಾಹರಣೆ ಸಾಕು. ಬ್ರಾಡ್ ಗೇಜ್‌ನ ಮರದ ಸ್ಲೀಪರ್ 9 ಅಡಿ ಉದ್ದ, 10 ಇಂಚು ಅಗಲ, 5 ಇಂಚು ದಪ್ಪ. ಮೀಟರ್ ಗೇಜ್‌ನದು 6 ಅಡಿ ಉದ್ದ, 8 ಇಂಚು ಅಗಲ, 4½ ಇಂಚು ದಪ್ಪ. ಗುಣಿಸಿ ನೋಡಿ, ಒಂದು ದೊಡ್ಡ ಸ್ಲೀಪರಿಗೆ ಬೇಕಾಗುವ ಮರದಲ್ಲಿ ಎರಡು ಸಣ್ಣವು ಎದ್ದು ತುಸು ಮಿಕ್ಕುತ್ತದೆ. ಹಳಿಯ ಕಬ್ಬಿಣ, ಜಲ್ಲಿ, ಏರಿಯ ಮಣ್ಣು, ಸೇತುವೆಯ ಕಲ್ಲು, ಎಲ್ಲಕ್ಕೂ ಇದೇ ಬಗೆಯ ಲೆಕ್ಕ. ಸಣ್ಣ ಗಾಡಿ ಬಿಗಿಯಾದ ತಿರುವಿನಲ್ಲೂ ತಿರುಗುತ್ತದೆ. ಬ್ರಾಡ್ ಗೇಜ್‌ಗೆ ತಿರುವಿನ ತ್ರಿಜ್ಯ ಕನಿಷ್ಠ 175 ಮೀಟರ್ ಬೇಕೆಂದರೆ ಮೀಟರ್ ಗೇಜ್‌ಗೆ 109 ಸಾಕು. ಘಟ್ಟದಲ್ಲಿ ಇದರ ಅರ್ಥ ಗುಡ್ಡ ಕೊರೆಯುವ ಬದಲು ಬಳಸಿ ಹೋಗಬಹುದು ಎಂದು.

ಹಾಗಾದರೆ ಎಷ್ಟು ಸಣ್ಣದು? ಪರಿಣತರ ನಡುವೆ ಒಮ್ಮತವಿರಲಿಲ್ಲ. ಒಬ್ಬರು 3 ಅಡಿ 6 ಇಂಚು ಎಂದರೆ ಉಳಿದವರು 2 ಅಡಿ 9 ಇಂಚೇ ಸಾಕು ಎಂದರು. ಮೇಯೋ ಹಿಡಿದದ್ದು 3 ಅಡಿ 3 ಇಂಚು. ನಾಲ್ಕು ಜನ ಒಂದೇ ಸಾಲಿನಲ್ಲಿ ಕೂರಲು ಆರೂವರೆ ಅಡಿ ಅಗಲದ ಬೋಗಿ ಬೇಕು, ಹಳಿ ಅದರ ಅರ್ಧವಿರಲಿ ಎಂದು ಲೆಕ್ಕ ಹಾಕಿದನೆಂಬ ಮಾತಿದೆ. ಅದೇ ಹೊತ್ತಿಗೆ ಭಾರತಕ್ಕೆ ಮೆಟ್ರಿಕ್ ಅಳತೆ ತರುವ ಯೋಚನೆಯೂ ಸರ್ಕಾರದಲ್ಲಿ ನಡೆದಿತ್ತು. 3 ಅಡಿ 3 ಇಂಚಿಗೂ ಒಂದು ಮೀಟರಿಗೂ ಅರ್ಧ ಇಂಚಿನಷ್ಟೂ ವ್ಯತ್ಯಾಸವಿಲ್ಲ. ಇರಲಿ, ಒಂದು ಮೀಟರೇ ಆಗಲಿ ಎಂದು 1870ರಲ್ಲಿ ತೀರ್ಮಾನವಾಯಿತು. ಮೆಟ್ರಿಕ್ ಪದ್ಧತಿ ಆಗ ಬರಲೇ ಇಲ್ಲ. ಸ್ವತಂತ್ರ ಭಾರತ 1956ರಲ್ಲಿ ಕಾನೂನು ಮಾಡಿದ ಮೇಲಷ್ಟೇ ಬಟ್ಟೆ ಅಂಗಡಿಯ ಗಜ ಹೋಗಿ ಮೀಟರು ಬಂತು. ಹಳಿಯ ಮೇಲೆ ಮಾತ್ರ ಅದು 1873ರಿಂದಲೇ, ದೆಹಲಿ–ರೇವಾಡಿ ಮಾರ್ಗದಿಂದ ಶುರುವಾಗಿ ಓಡುತ್ತಿತ್ತು. ಆ ಹೊತ್ತಿಗೆ ಮೇಯೋ ಇರಲಿಲ್ಲ. 1872ರಲ್ಲಿ ಅಂಡಮಾನಿನ ಕೈದಿಯೊಬ್ಬ ಅವನನ್ನು ಇರಿದು ಕೊಂದಿದ್ದ.

ಈ ತೀರ್ಮಾನವನ್ನು ಮೂರ್ಖತನ ಎನ್ನುವುದು ರೈಲ್ವೆ ಇತಿಹಾಸದಲ್ಲಿ ರೂಢಿ. ನನಗೆ ಅದು ಅಷ್ಟು ಸುಲಭವಾಗಿ ಒಪ್ಪಿಗೆಯಾಗುವುದಿಲ್ಲ. ಸೈನ್ಯ ಮಾತ್ರ ಆಗಲೇ ರಂಪ ಮಾಡಿತು. ವಾಯವ್ಯ ಗಡಿಯ ಕಡೆ ಮೀಟರ್ ಗೇಜ್‌ನಲ್ಲಿ ಹೊರಟಿದ್ದ ಮಾರ್ಗಗಳನ್ನು ನಡುವಿನಲ್ಲೇ ನಿಲ್ಲಿಸಿ, ಫಿರಂಗಿ-ಕುದುರೆಗಳನ್ನು ನಡುದಾರಿಯಲ್ಲಿ ಇಳಿಸಿ ಏರಿಸಲಾಗದೆಂದು ಬ್ರಾಡ್ ಗೇಜ್‌ಗೆ ಬದಲಿಸಿಕೊಂಡಿತು. ಸೈನ್ಯದ ಮಾತು ನಡೆಯಿತು. ವ್ಯಾಪಾರಿಯ, ರೈತನ ಮಾತು ಕೇಳುವವರಿರಲಿಲ್ಲ. ಇನ್ನೊಂದು ಕಡೆಯಿಂದ ನೋಡಿದರೆ, ಅವರ ಊರಿಗೆ ಮೀಟರ್ ಗೇಜ್ ಬರದಿದ್ದರೆ ಬಹುಶಃ ಏನೂ ಬರುತ್ತಿರಲಿಲ್ಲ.

1876ರಿಂದ 78ರವರೆಗಿನ ಬರ ಅದಕ್ಕೆ ಸಾಕ್ಷಿ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಮದ್ರಾಸಿನಿಂದ ಬೆಂಗಳೂರಿನವರೆಗೆ ಅಕ್ಕಿ ಚೀಲ ರೈಲಿನಲ್ಲಿ ಬರುತ್ತಿತ್ತು. ಅಲ್ಲಿಂದ ಮುಂದೆ ಎತ್ತಿನ ಗಾಡಿಯೇ ಗತಿ. ಮೇವು-ನೀರಿಲ್ಲದೆ ಎತ್ತುಗಳೇ ದಾರಿಯಲ್ಲಿ ಬೀಳುತ್ತಿದ್ದ ಕಾಲ ಅದು. ರೈಲಿದ್ದರೆ ಎಲ್ಲರೂ ಬದುಕುತ್ತಿದ್ದರು ಎನ್ನಲಾಗದು. ಬಳ್ಳಾರಿಗೆ ಬರಕ್ಕೆ ಮುಂಚೆಯೇ ರೈಲು ಬಂದಿತ್ತು, ಆದರೂ ಆ ಜಿಲ್ಲೆ ಹೆಣದ ರಾಶಿಯಾಯಿತು. ಧಾನ್ಯ ಬಂದರೆ ಸಾಲದು, ಕೊಳ್ಳಲು ಕೈಯಲ್ಲಿ ಕಾಸಿರಬೇಕು. ಆದರೂ 1880ರ ಬರಗಾಲ ಆಯೋಗ ದೇಶಕ್ಕೆ 20,000 ಮೈಲಿ ರೈಲು ಬೇಕು, ಅದರಲ್ಲಿ 5,000 ಮೈಲಿ ತುರ್ತಾಗಿ ಬೇಕು ಎಂದಿತು. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಕಂಪನಿ ಇದೇ ಕಾರಣಕ್ಕೆ ಗದಗ–ಹೊಟಗಿ, ಬಳ್ಳಾರಿ–ಹೊಸಪೇಟೆ, ಹುಬ್ಬಳ್ಳಿ–ಲೋಂಡಾ ಎಂದು ಬರಪೀಡಿತ ನಾಡಿನುದ್ದ ಹಳಿ ಹಾಸಿತು. ಎಲ್ಲವೂ ಮೀಟರ್ ಗೇಜ್.

ಬೆಂಗಳೂರು–ಮೈಸೂರು ಮಾರ್ಗದ ಮಣ್ಣಿನ ಕೆಲಸವೂ ಬರ ಪರಿಹಾರದ ಕಾಮಗಾರಿಯಾಗಿ ನಡೆದದ್ದು. ಹೊಟ್ಟೆಗಿಲ್ಲದವರು ಬುಟ್ಟಿ ಹೊತ್ತು ಕಟ್ಟಿದ ಏರಿ ಅದು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1882ರಲ್ಲಿ, ರೈಲು ಮೈಸೂರು ಮುಟ್ಟಿತು. ಆಮೇಲೆ ನಂಜನಗೂಡು, ತುಮಕೂರು, ಹರಿಹರ, ಶಿವಮೊಗ್ಗ, ಹಾಸನ. ಮೀಟರ್ ಗೇಜ್ ಎಷ್ಟು ಹಗುರ ಎಂಬುದಕ್ಕೆ ನಂಜನಗೂಡಿನ ಹತ್ತಿರ ಕಪಿಲೆಗೆ ಅಡ್ಡಲಾಗಿರುವ ಕಲ್ಲುಸೇತುವೆ ನೋಡಬೇಕು. 1735ರಲ್ಲಿ, ರೈಲು ಎಂಬುದನ್ನು ಜಗತ್ತಿನಲ್ಲಿ ಯಾರೂ ಕಂಡಿರದ ಕಾಲದಲ್ಲಿ, ಎತ್ತಿನ ಗಾಡಿಗೆಂದು ಕಟ್ಟಿದ ಸೇತುವೆ. ಅದರ ಒಂದು ಪಕ್ಕಕ್ಕೆ ಹಳಿ ಹಾಸಿ ರೈಲು ಓಡಿಸಿದರು, ಇನ್ನೊಂದು ಪಕ್ಕದಲ್ಲಿ ಬಸ್ಸು-ಲಾರಿ ಹೋಗುತ್ತಿದ್ದವು. ಇಪ್ಪತ್ತೊಂದನೇ ಶತಮಾನಕ್ಕೆ ಕಾಲಿಟ್ಟ ಮೇಲೂ ಅದು ಹಾಗೆಯೇ ಕೆಲಸ ಮಾಡಿತು. ಬ್ರಾಡ್ ಗೇಜ್ ಬಂದಾಗಲೇ ಹೊಸ ಸೇತುವೆ ಬೇಕಾದದ್ದು.

ಹಾಗಾಗಿ ತಪ್ಪು ಸಣ್ಣ ಹಳಿಯದಲ್ಲ. ದೊಡ್ಡದೂ ಸಣ್ಣದೂ ಕೂಡುವ ಜಾಗದಲ್ಲಿ ಏನಾಗುತ್ತದೆ ಎಂಬುದನ್ನು ಯಾರೂ ತಮ್ಮ ಖರ್ಚಿನ ಪಟ್ಟಿಗೆ ಸೇರಿಸಿಕೊಳ್ಳಲಿಲ್ಲ, ಅಲ್ಲಿದೆ ಎಡವಟ್ಟು. ಕಟ್ಟುವವನ ಉಳಿತಾಯ ಒಂದೇ ಸಲದ್ದು. ಬಳಸುವವನ ನಷ್ಟ ಪ್ರತಿದಿನದ್ದು.

ಎರಡು ಹಳಿ ಕೂಡುವಲ್ಲಿ ಸರಕು ಬದಲಿಸುವ ಟ್ರಾನ್‌ಶಿಪ್‌ಮೆಂಟ್ ಯಾರ್ಡ್ ಎಂದರೆ ಹೇಗಿತ್ತು? ಉದ್ದನೆಯ ಒಂದು ಕಟ್ಟೆ, ಮೇಲೆ ತಗಡಿನ ಸೂರು. ಈ ಕಡೆ ಬ್ರಾಡ್ ಗೇಜ್ ವ್ಯಾಗನ್ನುಗಳ ಸಾಲು, ಆ ಕಡೆ ಮೀಟರ್ ಗೇಜ್. ಎರಡರ ನೆಲದ ಎತ್ತರವೂ ಬೇರೆ, ಹಿಡಿಸುವ ತೂಕವೂ ಬೇರೆ. ದೊಡ್ಡ ವ್ಯಾಗನ್ನಿನ ಸರಕು ಒಂದು ಸಣ್ಣ ವ್ಯಾಗನ್ನಿಗೆ ಹಿಡಿಯದೆ ಉಳಿದದ್ದು ಎರಡನೆಯದಕ್ಕೆ ಹೋಗುತ್ತಿತ್ತು; ಎರಡನೆಯದು ಅರ್ಧ ಖಾಲಿ ಎಂದು ಅದಕ್ಕೆ ಇನ್ಯಾರದೋ ಸರಕು. ಸೀಲು ಒಡೆದು ಬಾಗಿಲು ತೆಗೆಯುತ್ತಿದ್ದಂತೆ ಹಮಾಲರು ಕೊಕ್ಕೆ ಹಾಕಿ ಮೂಟೆ ಎಳೆಯುತ್ತಿದ್ದರು. ಕೊಕ್ಕೆ ಬಿದ್ದ ಕಡೆಯಿಂದ ಜೋಳ, ಅಕ್ಕಿ ಸೋರುತ್ತಿತ್ತು. ಕಟ್ಟೆಯ ಸಂದಿಯಲ್ಲಿ ಉದುರಿದ್ದನ್ನು ಗುಡಿಸಿಕೊಳ್ಳಲು ಜನ ಕಾದಿರುತ್ತಿದ್ದರು. ಕಲ್ಲಿದ್ದಲು ಬಂದರೆ ಬುಟ್ಟಿ ಬುಟ್ಟಿಯಾಗಿ ತಲೆಯ ಮೇಲೆ ಸಾಗಬೇಕು. ಗುಮಾಸ್ತನೊಬ್ಬ ಪೆನ್ಸಿಲು ಹಿಡಿದು ಮೂಟೆ ಎಣಿಸುತ್ತಿದ್ದ. ಹೊರಟಾಗ ನೂರಿದ್ದದ್ದು ಮುಟ್ಟಿದಾಗ ತೊಂಬತ್ತೇಳಾದರೆ ಆ ಮೂರು ಯಾವ ರೈಲ್ವೆಯ ಹೊಣೆ ಎಂಬ ಪತ್ರವ್ಯವಹಾರ ತಿಂಗಳುಗಟ್ಟಲೆ.

ಇದಕ್ಕಿಂತ ದೊಡ್ಡ ಪೀಡೆ ಕಣ್ಣಿಗೆ ಕಾಣದ್ದು. ಸುಗ್ಗಿಯಲ್ಲಿ ಹುಬ್ಬಳ್ಳಿ-ಗದಗದ ಹತ್ತಿ ಒಮ್ಮೆಗೇ ಹೊರಡುತ್ತದೆ ಎನ್ನಿ. ಗಡಿ ಜಂಕ್ಷನ್ನಿನಲ್ಲಿ ಆ ಹೊತ್ತಿಗೆ ಬ್ರಾಡ್ ಗೇಜ್ ವ್ಯಾಗನ್ ಖಾಲಿ ಇಲ್ಲದಿದ್ದರೆ ಮೀಟರ್ ಗೇಜ್ ವ್ಯಾಗನ್ನುಗಳೇ ಗೋದಾಮಾಗಿ ನಿಂತುಬಿಡುತ್ತವೆ. ಹಿಂದಿನ ಊರುಗಳಲ್ಲಿ ಹತ್ತಿ ತುಂಬಲು ಆಗ ವ್ಯಾಗನ್ ಇಲ್ಲ. ಒಂದು ಕಡೆಯ ಎಂಜಿನ್, ಗಾಡಿ ಸುಮ್ಮನೆ ನಿಂತಿದ್ದರೂ ಇನ್ನೊಂದು ಕಡೆಗೆ ಕೊಡುವಂತಿಲ್ಲ. ಎಲ್ಲಕ್ಕೂ ಎರಡೆರಡು ಕಾರ್ಖಾನೆ, ಎರಡೆರಡು ಬಿಡಿಭಾಗ, ಎರಡೆರಡು ಬಗೆಯ ಕಸಬುದಾರರು. ದಾರಿಯ ಖರ್ಚು ಹೀಗೆ ಏರುವ ಕಡೆ ಕಾರ್ಖಾನೆ ಹಾಕುವವರು ಹತ್ತು ಸಲ ಯೋಚಿಸುತ್ತಾರೆ. ಉತ್ತರ ಕರ್ನಾಟಕ, ರಾಜಸ್ಥಾನ, ಉತ್ತರ ಬಿಹಾರ, ಅಸ್ಸಾಂ: ಹಳೆಯ ಮೀಟರ್ ಗೇಜ್ ನಕ್ಷೆಯನ್ನೂ ಹಿಂದುಳಿದ ಪ್ರದೇಶಗಳ ನಕ್ಷೆಯನ್ನೂ ಪಕ್ಕದಲ್ಲಿಟ್ಟರೆ ಬಹಳ ಕಡೆ ಹೊಂದುತ್ತವೆ. ಹಿಂದುಳಿದದ್ದಕ್ಕೆ ಸಣ್ಣ ಹಳಿ ಹಾಕಿದರೋ, ಸಣ್ಣ ಹಳಿಯಿಂದ ಹಿಂದುಳಿಯಿತೋ ಎಂದರೆ ಎರಡೂ ಹೌದು ಎನ್ನಬೇಕು.

ಈ ಎಡವಟ್ಟಿನ ನಿಜವಾದ ಪರೀಕ್ಷೆ ಎರಡನೇ ಮಹಾಯುದ್ಧದಲ್ಲಿ ಬಂತು. ಜಪಾನೀಯರು ಬರ್ಮಾ ಹಿಡಿದರು. ಚೀನಾಕ್ಕೆ ಹೋಗಬೇಕಾದ ಮದ್ದುಗುಂಡು, ಪೆಟ್ರೋಲು ಎಲ್ಲವೂ ಅಸ್ಸಾಮಿನ ವಿಮಾನನಿಲ್ದಾಣಗಳಿಗೆ, ಲೇಡೋವರೆಗೆ ಹೋಗಬೇಕು. ಕೋಲ್ಕತ್ತಾದಿಂದ ಬ್ರಾಡ್ ಗೇಜ್ ಪಾರ್ಬತೀಪುರದವರೆಗೆ ಮಾತ್ರ. ಆ ಊರು ಈಗ ಬಾಂಗ್ಲಾದೇಶದಲ್ಲಿದೆ. ಅಲ್ಲಿ ಇಳಿಸಿ ಮೀಟರ್ ಗೇಜ್‌ಗೆ ಏರಿಸಬೇಕು. ಮುಂದೆ ಅಮೀನ್‌ಗಾಂವ್‌ನಲ್ಲಿ ಬ್ರಹ್ಮಪುತ್ರ ಅಡ್ಡ, ಸೇತುವೆಯಿಲ್ಲ. ವ್ಯಾಗನ್ನುಗಳನ್ನು ದೋಣಿಗೆ ಹತ್ತಿಸಿ ಆಚೆ ದಡದ ಪಾಂಡುವಿನಲ್ಲಿ ಇಳಿಸಬೇಕು. ಚಹಾ ತೋಟಗಳ ಪೆಟ್ಟಿಗೆ ಸಾಗಿಸಲೆಂದು ಹಾಕಿದ ಒಂಟಿ ಹಳಿ ಒಂದು ಮಹಾಯುದ್ಧದ ಭಾರ ಹೊರಬೇಕಾಗಿ ಬಂತು. 1944ರ ಮಾರ್ಚ್ 1ರಂದು ಅಮೆರಿಕದ ಸೈನ್ಯದ ರೈಲ್ವೆ ದಳ ಬಂಗಾಳ–ಅಸ್ಸಾಂ ರೈಲ್ವೆಯ 804 ಮೈಲಿ, ಅಂದರೆ ಸುಮಾರು 1,300 ಕಿ.ಮೀ. ಮಾರ್ಗವನ್ನು ತನ್ನ ಕೈಗೆ ತೆಗೆದುಕೊಂಡಿತು. ತಮ್ಮ ದೇಶದಲ್ಲಿ ಭಾರೀ ರೈಲು ಓಡಿಸಿದ್ದವರು ಇಲ್ಲಿ ಪುಟ್ಟ ಗಾಡಿಗಳನ್ನು ಉದ್ದುದ್ದ ಜೋಡಿಸಿ ಓಡಿಸಿದರು. ನಿಯಮ ಮುರಿದರು, ಅಪಘಾತ ಮಾಡಿಕೊಂಡರು, ಸರಕು ಮಾತ್ರ ಹಲವು ಪಟ್ಟು ಸಾಗಿಸಿದರು.

ಮೀಟರ್ ಗೇಜ್‌ನ ಇನ್ನೊಂದು ಮುಖವನ್ನು ಕಂಡದ್ದೂ ಅದೇ ನೆಲ. ದೇಶ ವಿಭಜನೆಯಾದಾಗ ಅಸ್ಸಾಮಿಗೆ ಹೋಗುವ ರೈಲು ಪಾಕಿಸ್ತಾನದ ಮೂಲಕ ಹಾಯುವಂತಾಯಿತು. ಭಾರತದೊಳಗೇ ಒಂದು ದಾರಿ ಕೂಡಲೇ ಆಗಬೇಕಿತ್ತು. ಕರ್ನೈಲ್ ಸಿಂಗ್ ಎಂಬ ಎಂಜಿನಿಯರರ ಮುಂದಾಳತ್ವದಲ್ಲಿ ಕಿಶನ್‌ಗಂಜಿನಿಂದ ಸಿಲಿಗುರಿಯ ಹತ್ತಿರ ಹಾದು ಫಕೀರಾಗ್ರಾಮದವರೆಗೆ, ತೀಸ್ತಾ, ತೋರ್ಸಾದಂಥ ಹುಚ್ಚು ಹೊಳೆಗಳನ್ನು ದಾಟಿಕೊಂಡು, ಮಲೇರಿಯಾದ ತೆರಾಯಿ ಕಾಡಿನಲ್ಲಿ 225 ಕಿ.ಮೀ.ಗೂ ಹೆಚ್ಚಿನ ದಾರಿ ಎರಡೇ ವರ್ಷದಲ್ಲಿ ಎದ್ದಿತು. 1950ರ ಜನವರಿ 26ರಂದು, ಗಣರಾಜ್ಯ ಹುಟ್ಟಿದ ದಿನವೇ, ಪ್ರಯಾಣಿಕರ ರೈಲು ಓಡಿತು. ಅಷ್ಟು ಬೇಗ ಆದದ್ದು ಅದು ಮೀಟರ್ ಗೇಜ್ ಆಗಿದ್ದರಿಂದ.

ಸ್ವಾತಂತ್ರ್ಯದ ನಂತರ ನಾಲ್ಕು ದಶಕ ಅಲ್ಲೊಂದು ಇಲ್ಲೊಂದು ಮಾರ್ಗ ಅಗಲವಾಯಿತು, ಅಷ್ಟೆ. ಬೆಂಗಳೂರಿನಿಂದ ದೆಹಲಿಗೆ ನೇರ ಉತ್ತರಕ್ಕೆ ಹೋಗುವ ಗುಂತಕಲ್ ದಾರಿ ಮೀಟರ್ ಗೇಜ್ ಆಗಿದ್ದರಿಂದ, ಕರ್ನಾಟಕ–ಕೇರಳ ಎಕ್ಸ್‌ಪ್ರೆಸ್ಸಿನ ಬೆಂಗಳೂರು ಬೋಗಿಗಳು ಜೋಲಾರ್‌ಪೇಟೆಯವರೆಗೆ ಪೂರ್ವಕ್ಕೆ ಬಳಸಿ ಹೋಗಿ ಕೇರಳದ ಬೋಗಿಗಳನ್ನು ಕೂಡಿಕೊಳ್ಳುತ್ತಿದ್ದವು. ಮಂಗಳೂರಿನ ಪಾಡು ಇನ್ನೂ ವಿಚಿತ್ರ. 1907ರಿಂದಲೇ ಅಲ್ಲಿಗೆ ಬ್ರಾಡ್ ಗೇಜ್ ಇತ್ತು, ಆದರೆ ಕೇರಳದ ಕಡೆಯಿಂದ. ಸ್ವಂತ ರಾಜ್ಯದ ರಾಜಧಾನಿಯ ಕಡೆಗೆ ಘಟ್ಟ ಹತ್ತುವ ರೈಲು ಬಂದದ್ದು 1979ರಲ್ಲಿ. ಅದೂ ಮೀಟರ್ ಗೇಜ್.

ಆ ನಿಧಾನವನ್ನು ಮುರಿದದ್ದು ಚಳ್ಳಕೆರೆಯವರಾದ ಸಿ.ಕೆ. ಜಾಫರ್ ಷರೀಫ್. 1991ರಲ್ಲಿ ರೈಲ್ವೆ ಮಂತ್ರಿಯಾದ ಅವರು 1992ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಒಂದೇ ಗೇಜ್ ಎಂಬ ಯೂನಿಗೇಜ್ ಯೋಜನೆ ಹಿಡಿದರು. ಸರ್ಕಾರದ ಕೈಯಲ್ಲಿ ವಿದೇಶಿ ವಿನಿಮಯವೂ ಸರಿಯಾಗಿ ಇರದ ದಿನಗಳವು. ಈ ದುಡ್ಡಿನಲ್ಲಿ ಹೊಸ ದಾರಿ ಮಾಡಬಹುದಿತ್ತು, ಇರುವ ದಾರಿಯನ್ನು ಜೋಡಿ ಮಾಡಬಹುದಿತ್ತು ಎಂಬ ಟೀಕೆಗಳಿದ್ದವು. ಅವು ಸುಳ್ಳೂ ಅಲ್ಲ. ಆದರೆ ಇನ್ನು ಹತ್ತು ವರ್ಷ ತಡವಾಗಿದ್ದರೆ ಬೆಂಗಳೂರು–ಮೈಸೂರು, ಬೆಂಗಳೂರು–ಹುಬ್ಬಳ್ಳಿ ಮಾರ್ಗಗಳ ಗತಿ ಏನಾಗುತ್ತಿತ್ತು ಎಂದು ಊಹಿಸಿಕೊಂಡರೆ, ಹಟಮಾರಿ ಮಂತ್ರಿಯೊಬ್ಬ ಬೇಕಿತ್ತು ಎಂದೇ ಅನಿಸುತ್ತದೆ.

ಗೇಜ್ ಬದಲಾವಣೆ ಎಂದರೆ ಹಳಿಯನ್ನು ಇನ್ನೊಂದು ಅಡಿ ಆಚೆ ಸರಿಸಿ ಮೊಳೆ ಹೊಡೆಯುವುದು ಎಂದುಕೊಂಡವರುಂಟು. ಆರಡಿ ಸ್ಲೀಪರಿನ ಮೇಲೆ ಐದೂವರೆ ಅಡಿಯ ಅಂತರ ಕೂರುವುದಿಲ್ಲ. ಮೊದಲು ಏರಿಗೆ ಎರಡೂ ಪಕ್ಕ ಮಣ್ಣು ಸುರಿದು ಅಗಲ ಮಾಡಬೇಕು. ಸೇತುವೆಯ ಗರ್ಡರುಗಳನ್ನು ಇಳಿಸಿ ಹೊಸವನ್ನು ಕೂರಿಸಬೇಕು. ಬೋಗಿ ಅಗಲವೂ ಎತ್ತರವೂ ಆಗುವುದರಿಂದ ಪ್ಲಾಟ್‌ಫಾರ್ಮಿನ ಅಂಚು ಒಡೆದು ಮತ್ತೆ ಕಟ್ಟಬೇಕು, ಅಡ್ಡ ಬರುವ ಸಿಗ್ನಲ್ ಕಂಬ ಸರಿಸಬೇಕು, ಸುರಂಗವಿದ್ದರೆ ಒಳಗೋಡೆ ಕೆತ್ತಬೇಕು. ಆಮೇಲೆ ಕಿಲೋಮೀಟರಿಗೆ 1,660ರಂತೆ ಕಾಂಕ್ರೀಟ್ ಸ್ಲೀಪರುಗಳು. ಒಂದೊಂದನ್ನು ಎತ್ತಲು ಐದಾರು ಆಳು ಸಾಲದು. ಇದೆಲ್ಲ ಆಗುವವರೆಗೆ ರೈಲು ಬಂದ್.

ಆ ಬಂದ್ ಎಷ್ಟು ದಿನ ಎಂಬುದರ ಮೇಲೆ ಊರುಗಳ ಹಣೆಬರಹ ನಿಂತಿತು. ಹಾಸನ–ಮಂಗಳೂರು ಮಾರ್ಗದ ಪಾಡು ನೋಡಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ. ಘಾಟಿಯಲ್ಲಿ 57 ಸುರಂಗ, ನೂರಕ್ಕೂ ಮಿಕ್ಕಿ ಸೇತುವೆ, 50 ಮೀಟರ್ ಹೋದರೆ ಒಂದು ಮೀಟರ್ ಏರುವ ಇಳಿಜಾರು. ಎರಡು ದಶಕವೂ ಬಾಳದ ಮೀಟರ್ ಗೇಜ್ ರೈಲನ್ನು ನಿಲ್ಲಿಸಿ ಕೆಲಸ ಹಿಡಿದರು. ದುಡ್ಡು ಬಂದಾಗ ಕೆಲಸ, ಇಲ್ಲದಾಗ ಮಳೆ, ಭೂಕುಸಿತ. ಸರಕಿನ ಗಾಡಿ ಓಡಿದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರ ಡಿಸೆಂಬರಿನಲ್ಲಿ. ಹತ್ತು ವರ್ಷಕ್ಕೂ ಮಿಕ್ಕಿ ಕರಾವಳಿಗೆ ರಾಜಧಾನಿಯ ರೈಲೇ ಇರಲಿಲ್ಲ. ಇಂದು ಬೆಂಗಳೂರು–ಮಂಗಳೂರು ನಡುವೆ ಕಾಣುವ ರಾತ್ರಿ ಬಸ್ಸುಗಳ ಸಾಲನ್ನು ಬೆಳೆಸಿದವರಲ್ಲಿ ರೈಲ್ವೆಗೂ ಪಾಲಿದೆ. ಶಿವಮೊಗ್ಗದಿಂದ ತಾಳಗುಪ್ಪದ ತುಂಡಿನಲ್ಲಿ ಕೆಲಕಾಲ ಹಳೇ ಹಳಿಯ ಮೇಲೆ ರೈಲು-ಬಸ್ ಎಂಬ ಒಂದೇ ಬೋಗಿಯ ಗಾಡಿ ಕುಂಟುತ್ತಾ ಓಡಿತು. ಅಗಲದ ಹಳಿ ತಾಳಗುಪ್ಪ ಮುಟ್ಟಿದ್ದು 2011ರಲ್ಲಿ. ಕೋಲಾರ–ಚಿಕ್ಕಬಳ್ಳಾಪುರದ ನ್ಯಾರೋ ಗೇಜ್ ಜನರು 2013ರವರೆಗೆ ಕಾದರು. ಕಾಯುವುದು ಅಭ್ಯಾಸವಾದ ಊರು ರೈಲನ್ನು ಮರೆತುಬಿಡುತ್ತದೆ. ಮರಳಿ ಬಂದಾಗ ಹಿಂದಿನ ನಿಲ್ದಾಣಗಳಲ್ಲಿ ಎಷ್ಟೋ ಕಡೆ ಗಾಡಿ ನಿಲ್ಲುವುದೂ ಇಲ್ಲ. ವೇಗದ ರೈಲಿಗೆ ಹಳ್ಳಿ ಅಡ್ಡಿ.

ಇವತ್ತು ಸುಮಾರು 69,000 ಕಿ.ಮೀ. ರೈಲುಮಾರ್ಗದಲ್ಲಿ ಶೇ 95ಕ್ಕೂ ಹೆಚ್ಚು ಬ್ರಾಡ್ ಗೇಜ್. ಡಾಲ್‌ಹೌಸಿ ಕೇಳಿದ ಒಂದೇ ಅಳತೆ ಸಿಗಲು ನೂರೈವತ್ತು ವರ್ಷದ ಮೇಲಾಯಿತು. ಹುಬ್ಬಳ್ಳಿಯಲ್ಲೀಗ ಒಂದೂವರೆ ಕಿ.ಮೀ. ಉದ್ದದ ಪ್ಲಾಟ್‌ಫಾರ್ಮ್ ಇದೆ, ಜಗತ್ತಿನಲ್ಲೇ ಅತಿ ಉದ್ದದ್ದು. ಕೆಲಸವಿಲ್ಲದಾದ ಮೀಟರ್ ಗೇಜ್ ಡೀಸೆಲ್ ಎಂಜಿನ್ನುಗಳಲ್ಲಿ ಕೆಲವು ಮ್ಯಾನ್ಮಾರ್, ಮಲೇಷ್ಯಾಗಳಿಗೆ ಹಡಗು ಹತ್ತಿದವು. ಊಟಿಯ ಹಲ್ಲುಹಳಿಯ ರೈಲು ಮೀಟರ್ ಗೇಜ್‌ನಲ್ಲೇ ಉಳಿದಿದೆ. ಅದಕ್ಕೆ ಯುನೆಸ್ಕೋದ ಕಾವಲಿದೆ.

ಇಷ್ಟೆಲ್ಲ ಪಾಡುಪಟ್ಟು ಒಂದು ಮಾಡಿದ ದೇಶದಲ್ಲಿ ಮತ್ತೆ ಹೊಸ ಅಳತೆ ಬಂದಿದೆ ಎಂಬುದನ್ನು ಹೆಚ್ಚಿನವರು ಗಮನಿಸಿಲ್ಲ. ದೆಹಲಿ ಮೆಟ್ರೊದ ಮೊದಲ ಮಾರ್ಗಗಳು ರೈಲ್ವೆಯ ಒತ್ತಾಯಕ್ಕೆ ಬ್ರಾಡ್ ಗೇಜ್‌ನಲ್ಲಾದವು. ಆಮೇಲಿನವು 1,435 ಮಿಲಿಮೀಟರಿನ ಸ್ಟ್ಯಾಂಡರ್ಡ್ ಗೇಜ್. 2011ರಲ್ಲಿ ಶುರುವಾದ ನಮ್ಮ ಮೆಟ್ರೊ ಕೂಡ ಅದೇ. ಬೆಂಗಳೂರಿನ ಉಪನಗರ ರೈಲಿಗೆ ಮಾತ್ರ ಬ್ರಾಡ್ ಗೇಜ್. ಹೀಗಾಗಿ ಒಂದೇ ನಗರದಲ್ಲಿ ಮತ್ತೆ ಎರಡು ಅಳತೆ. ಗಾಬರಿಯಾಗಬೇಕಿಲ್ಲ. ಮೆಟ್ರೊದಲ್ಲಿ ಮೂಟೆಯಿಲ್ಲ, ಹತ್ತುವವರು ತಾವಾಗಿಯೇ ನಡೆದುಕೊಂಡು ಹೋಗುತ್ತಾರೆ, ಜಗತ್ತಿನಲ್ಲಿ ಹೆಚ್ಚು ತಯಾರಾಗುವ ಅಳತೆಯ ಗಾಡಿ ಅಗ್ಗಕ್ಕೂ ಸಿಗುತ್ತದೆ. ಮುಂಬೈ–ಅಹಮದಾಬಾದ್ ಬುಲೆಟ್ ರೈಲಿನದು ಬೇರೆ ಮಾತು. ಅದೂ 1,435. ಸ್ಪೇನ್ ತನ್ನ ಹಳೆಯ ಅಗಲದ ಹಳಿಯ ಪಕ್ಕದಲ್ಲಿ 1992ರಿಂದ ಇದೇ ಅಳತೆಯ ವೇಗದ ಮಾರ್ಗ ಕಟ್ಟಿತು. ಜೊತೆಗೆ ಓಡುತ್ತಲೇ ಗಾಲಿಯ ಅಂತರ ಬದಲಿಸಿಕೊಳ್ಳುವ ರೈಲುಗಳನ್ನೂ ಮಾಡಿಕೊಂಡಿತು. ಅಂಥ ಗಾಡಿ ವೇಗದ ಹಳಿ ಮುಗಿದ ಕಡೆ ಹಳೆಯ ಹಳಿಗೆ ಇಳಿದು ಮುಂದಿನ ಊರುಗಳಿಗೂ ಹೋಗುತ್ತದೆ. ನಮ್ಮ ಬುಲೆಟ್ ರೈಲಿನ ಯೋಜನೆಯಲ್ಲಿ ಅಂಥ ಗಾಡಿಯಿಲ್ಲ. ಅಹಮದಾಬಾದಿನಿಂದ ಆಚೆ ರಾಜಸ್ಥಾನದ ಕಡೆ ಹೋಗಬೇಕಾದವರಿಗಾಗಿ ಸಾಬರಮತಿಯಲ್ಲಿ ಬುಲೆಟ್ ರೈಲು, ಹಳೆಯ ರೈಲು, ಮೆಟ್ರೊ ಮೂರನ್ನೂ ಜೋಡಿಸುವ ಬಹುಮಹಡಿ ಕಟ್ಟಡ ಆಗಲೇ ಎದ್ದು ನಿಂತಿದೆ.